ಅರಸಾಳು: ಹಳಿಯ ತುದಿಯಲ್ಲಿದ್ದ ಒಂದು ಊರು

ಶಿವಮೊಗ್ಗೆಯಿಂದ ಪಶ್ಚಿಮಾಭಿಮುಖವಾಗಿ ಹೊರಡುವ ರೈಲುಹಾದಿಯು ಕುಂಸಿಯನ್ನು ದಾಟಿದ ಬಳಿಕ, ಬಯಲುಸೀಮೆಯೆಂದು ಕರೆಯಲಾಗದ, ಅಪ್ಪಟ ಮಲೆನಾಡೆಂದು ಹೇಳಲೂ ಬಾರದ ಒಂದು ಸಂಧಿಪ್ರದೇಶದ ಕಾಡುಗಳನ್ನು ಹಾದು, ಹೊಸನಗರ ತಾಲ್ಲೂಕಿಗೆ ಸೇರಿದ ಅರಸಾಳು ಎಂಬ ಗ್ರಾಮವನ್ನು ಮುಟ್ಟುತ್ತದೆ. ಅಲ್ಲಿ ಈಗ ಎರಡು ನಿಲ್ದಾಣಗಳಿವೆಯೆನ್ನಬಹುದು. ಒಂದು, ಬ್ರಾಡ್‌ಗೇಜ್ ಹಳಿ ಬಂದ ಮೇಲೆ ಕಟ್ಟಿದ ಹೊಸ ನಿಲ್ದಾಣ. ಇನ್ನೊಂದು, ಮೀಟರ್‌ಗೇಜ್ ಕಾಲದ, ಹೆಂಚು ಹೊದಿಸಿದ, ಎರಡು ಮೂರು ಕೋಣೆಗಳ ಹಳೆಯ ಕಟ್ಟಡ. ಈ ಎರಡನೆಯದರಲ್ಲಿ ಯಾರೂ ಟಿಕೆಟ್ಟು ಕೊಡುವುದಿಲ್ಲ, ಅದರ ಮುಂದೆ ಯಾವ ಗಾಡಿಯೂ ನಿಲ್ಲುವುದಿಲ್ಲ. ಆದರೂ ದೂರದ ಊರುಗಳಿಂದ ಜನ ಅದನ್ನು ನೋಡಲು ಬರುತ್ತಾರೆ, ಮತ್ತು ಬಂದವರು ಅದನ್ನು ಅರಸಾಳು ಎಂದು ಕರೆಯುವುದಿಲ್ಲ, ಮಾಲ್ಗುಡಿ ಎಂದು ಕರೆಯುತ್ತಾರೆ.

ಕಲ್ಪಿತವಾದ ಒಂದು ಊರಿನ ಕೀರ್ತಿ ನಿಜವಾದ ಒಂದು ಊರಿನ ಮೇಲೆ ಬಂದು ಕುಳಿತದ್ದರಲ್ಲಿ ನನಗೆ ಯಾವ ಅಸಮಾಧಾನವೂ ಇಲ್ಲ. ಆ ಕೀರ್ತಿಯ ದೆಸೆಯಿಂದಲೇ ಕಟ್ಟಡವು ಉಳಿಯಿತು. ಆದರೆ ಮಾಲ್ಗುಡಿಯ ಹೆಸರು ಇಲ್ಲಿಗೆ ಬರುವುದಕ್ಕೆ ಅರ್ಧ ಶತಮಾನಕ್ಕೂ ಹಿಂದೆ ಅರಸಾಳಿಗೆ ತನ್ನದೇ ಆದ ಒಂದು ಐತಿಹಾಸಿಕ ಮುಹೂರ್ತವಿತ್ತು. ಕೆಲವು ವರ್ಷಗಳ ಮಟ್ಟಿಗೆ ಈ ಪುಟ್ಟ ಊರು ಮೈಸೂರು ಸಂಸ್ಥಾನದ ರೈಲುಮಾರ್ಗಗಳಲ್ಲೊಂದರ ಕಟ್ಟಕಡೆಯ ನಿಲುಗಡೆಯಾಗಿ, ಪಶ್ಚಿಮದ ಮಲೆನಾಡಿಗೆಲ್ಲ ಒಂದು ಹೆಬ್ಬಾಗಿಲಾಗಿ ಇತ್ತು. ಆ ಮುಹೂರ್ತದ ಅರ್ಥವನ್ನು ತಿಳಿಯಬೇಕಾದರೆ ಹಳಿ ಬರುವುದಕ್ಕಿಂತ ಬಹಳ ಹಿಂದಕ್ಕೆ, ಈ ಸೀಮೆಯ ವ್ಯಾಪಾರವು ಯಾವ ದಿಕ್ಕಿಗೆ ಮುಖಮಾಡಿ ನಿಂತಿತ್ತೆಂಬ ಪ್ರಶ್ನೆಯವರೆಗೆ ಹೋಗಬೇಕಾಗುತ್ತದೆ.

ಕೆಳದಿಯ ಅರಸರ ಕಾಲದಲ್ಲಿ ಅದು ನಿಸ್ಸಂದೇಹವಾಗಿ ಪಡುವಣ ಕಡಲಿಗೆ ಮುಖಮಾಡಿತ್ತು. ಕೆಳದಿ, ಇಕ್ಕೇರಿ, ಬಿದನೂರು ಎಂಬ ಮೂರು ರಾಜಧಾನಿಗಳೂ ಘಟ್ಟದ ನೆತ್ತಿಗೆ ಸಮೀಪವಾಗಿ ಇದ್ದುದು ಆಕಸ್ಮಿಕವಲ್ಲ. ರಾಜ್ಯದ ಐಶ್ವರ್ಯವೆಲ್ಲ ಮೆಣಸು, ಅಕ್ಕಿ, ಅಡಿಕೆಗಳ ರೂಪದಲ್ಲಿ ಹೇರೆತ್ತುಗಳ ಬೆನ್ನಮೇಲೆ ಗೇರುಸೊಪ್ಪೆ, ಕೊಲ್ಲೂರು, ಹೊಸಂಗಡಿಯ ಘಟ್ಟಗಳನ್ನಿಳಿದು ಹೊನ್ನಾವರ, ಬಸರೂರುಗಳ ರೇವುಗಳಿಗೆ ಹೋಗುತ್ತಿತ್ತು, ಅಲ್ಲಿಂದ ಉಪ್ಪು ಮತ್ತು ಒಣಮೀನು ಅದೇ ದಾರಿಯಲ್ಲಿ ಮೇಲಕ್ಕೆ ಬರುತ್ತಿತ್ತು. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೋ ದೆಲ್ಲಾ ವಾಲ್ಲೆಯು ಪೋರ್ಚುಗೀಸ್ ರಾಯಭಾರಿಯ ಸಂಗಡ ಇಕ್ಕೇರಿಗೆ ಬಂದಾಗ, ಹೊನ್ನಾವರದಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಸಾಗಿ, ಅಲ್ಲಿಂದ ಘಟ್ಟವನ್ನೇರಿ ವೆಂಕಟಪ್ಪನಾಯಕನ ಆಸ್ಥಾನವನ್ನು ತಲಪಿದನು. ಶಿವಪ್ಪನಾಯಕನು ಮುಂದೆ ಪೋರ್ಚುಗೀಸರಿಂದ ಕರಾವಳಿಯ ಕೋಟೆಗಳನ್ನು ಕಿತ್ತುಕೊಂಡದ್ದರ ಹಿಂದೆಯೂ ಇದೇ ಸತ್ಯವಿದೆ: ರೇವು ಕೈಯಲ್ಲಿಲ್ಲದ ಮಲೆನಾಡಿನ ದೊರೆಗೆ ಬೊಕ್ಕಸವಿಲ್ಲ.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗಲೂ ಈ ವ್ಯವಸ್ಥೆ ಒಡೆಯಲಿಲ್ಲ. ಘಟ್ಟದ ಮೇಲೂ ಕೆಳಗೂ ಆಳುವವನು ಒಬ್ಬನೇ ಆಗಿದ್ದನು. ಒಡೆದದ್ದು 1799ರಲ್ಲಿ. ಶ್ರೀರಂಗಪಟ್ಟಣದ ಪತನಾನಂತರ ಕನ್ನಡ ಜಿಲ್ಲೆಯ ಕರಾವಳಿಯು ಕಂಪನಿಗೆ ಹೋಯಿತು, ಬಿದನೂರಿನ ಸೀಮೆಯು ಒಡೆಯರ ಮೈಸೂರಿಗೆ ಬಂತು. ಮುಂದೆ 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದಾಗ, ಸಾಗರದ ತೋಟಿಗನಿಗೆ ಹೊನ್ನಾವರವು ಬೇರೆ ರಾಜ್ಯ ಮಾತ್ರವಲ್ಲ, ದೂರದ ಬೇರೊಂದು ನಗರದಿಂದ ಆಳಲ್ಪಡುವ ಬೇರೆ ರಾಜ್ಯವಾಯಿತು. ಜನರ ಓಡಾಟವಾಗಲಿ, ನಂಟುತನವಾಗಲಿ, ಯಕ್ಷಗಾನದ ಮೇಳಗಳಾಗಲಿ ಈ ಗೆರೆಯನ್ನು ಗೌರವಿಸಲಿಲ್ಲವೆಂಬುದು ಸಂತೋಷದ ಸಂಗತಿ. ಆದರೆ ರಸ್ತೆ, ಸುಂಕ, ಬಂಡವಾಳಗಳು ಗೌರವಿಸಿದುವು. ನಾಡಿನ ಮುಖವು ಮೆಲ್ಲಮೆಲ್ಲನೆ ಮೂಡಣಕ್ಕೆ ತಿರುಗತೊಡಗಿತು.

ಆ ತಿರುವನ್ನು ಕಬ್ಬಿಣದಲ್ಲಿ ಬರೆದದ್ದು ರೈಲು. 1876–78ರ ಮಹಾಕ್ಷಾಮವು ಮೈಸೂರಿನ ಜನಸಂಖ್ಯೆಯ ದೊಡ್ಡ ಭಾಗವನ್ನೇ ನುಂಗಿ, ಧಾನ್ಯವನ್ನು ಸಾಗಿಸುವ ಸಾಧನವಿಲ್ಲದ ರಾಜ್ಯದ ಗತಿಯೇನೆಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಮೇಲೆ, ರೈಲು ಹಾಕಿಸುವುದು ಸಂಸ್ಥಾನದ ದಿವಾನರಿಗೆ ಒಂದು ಧರ್ಮಕಾರ್ಯದಂತೆಯೇ ಆಯಿತು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿ ಬಂದಾಗ ಹಿಡಿದ ಕೆಲಸವನ್ನು ರಂಗಾಚಾರ್ಲು ಅವರ ತರುವಾಯ ಶೇಷಾದ್ರಿ ಅಯ್ಯರ್ ಅವರು ಮುಂದುವರಿಸಿದರು. ಅವರ ದಿವಾನಗಿರಿಯ ಕೊನೆಗಾಲದಲ್ಲಿ, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗೆಗೆ ಮೀಟರ್‌ಗೇಜ್ ಕವಲು ತೆರೆಯಿತು. ಆಮೇಲೆ ಮೂವತ್ತು ವರ್ಷಗಳ ಕಾಲ ಶಿವಮೊಗ್ಗೆಯೇ ಮಲೆನಾಡಿನ ರೈಲುತುದಿ. ಅಡಿಕೆಯ ಮಂಡಿಗಳು ಅಲ್ಲಿ ಬೆಳೆದುವು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆಬಗೆಯಾಗಿ ವಿಂಗಡಿಸಿದ ಅಡಿಕೆಯ ಮೂಟೆಗಳು ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಬಂಡಿಗಳಲ್ಲಿ ದಿನಗಟ್ಟಲೆ ಪಯಣಿಸಿ ಅಲ್ಲಿಗೆ ಬಂದು ಬೀಳುತ್ತಿದ್ದುವು.

ಸಮುದ್ರವನ್ನು ಪೂರ್ತಿಯಾಗಿ ಮರೆತಿದ್ದರೆಂದಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು, ಸಮುದ್ರತೀರವಿಲ್ಲದ ಸಂಸ್ಥಾನಕ್ಕೆ ಕೈಗಾರಿಕೆಯ ಭವಿಷ್ಯವಿಲ್ಲವೆಂದು ಮನಗಂಡು, ಭಟ್ಕಳದಲ್ಲಿ ಮೈಸೂರಿನದೇ ಒಂದು ಬಂದರನ್ನು ನಿರ್ಮಿಸಿ ಅಲ್ಲಿಗೆ ರೈಲು ಒಯ್ಯುವ ಯೋಜನೆಯನ್ನು ಆಗ್ರಹಪೂರ್ವಕವಾಗಿ ಮುಂದಿಟ್ಟರು. ಆ ಬಂದರು ಆಗಲಿಲ್ಲ. ಅವರ ಇನ್ನೊಂದು ಯೋಜನೆಯಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮಾತ್ರ 1923ರಲ್ಲಿ ಕುಲುಮೆ ಹೊತ್ತಿಸಿತು. ಕಲ್ಲಿದ್ದಲಿಲ್ಲದ ಸೀಮೆಯಲ್ಲಿ ಕಟ್ಟಿಗೆಯ ಇದ್ದಿಲಿನಿಂದ ಕಬ್ಬಿಣ ಕರಗಿಸುವ ಆ ಸಾಹಸಕ್ಕೆ ಸುತ್ತಣ ಕಾಡುಗಳೇ ಉರುವಲಾದುವು. ಹೀಗೆ ಪಶ್ಚಿಮದ ಕಡಲಿಗೆ ಹೋಗಬೇಕೆಂಬ ಕನಸು ಕಡತಗಳಲ್ಲಿ ಉಳಿದು, ಪೂರ್ವದ ಕುಲುಮೆ, ಮಂಡಿ, ಪೇಟೆಗಳ ಸೆಳೆತವು ದಿನದಿನಕ್ಕೆ ಬಲವಾಗುತ್ತ ಹೋದ ಸನ್ನಿವೇಶದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1930ರಲ್ಲಿ, ಶಿವಮೊಗ್ಗೆಯಿಂದ ಹೊರಟ ಹಳಿಯು ಅರಸಾಳಿಗೆ ಬಂದು ನಿಂತಿತು.

ನಿಂತಿತು ಎಂಬುದನ್ನು ಒತ್ತಿ ಹೇಳುತ್ತೇನೆ. ಮುಂದಿನ ತುಂಡು, ಆನಂದಪುರದವರೆಗಿನದು, ತೆರೆದದ್ದು 1934ರಲ್ಲಿ. ನಡುವಣ ನಾಲ್ಕು ವರ್ಷಗಳು ಜಗತ್ತಿನಾದ್ಯಂತ ಬೆಲೆಗಳು ಕುಸಿದು ವ್ಯಾಪಾರವು ನೆಲಕಚ್ಚಿದ್ದ ವರ್ಷಗಳು. ಆದರೂ ಅರಸಾಳಿನ ಮಟ್ಟಿಗೆ ಅವು ಅದರ ಅತ್ಯಂತ ಮಹತ್ತ್ವದ ವರ್ಷಗಳಾಗಿದ್ದುವೆಂದು ನಾನು ಭಾವಿಸುತ್ತೇನೆ. ದಾರಿಯ ನಡುವಣ ನಿಲ್ದಾಣಕ್ಕೂ ಹಳಿಯ ತುದಿಯ ನಿಲ್ದಾಣಕ್ಕೂ ಇರುವ ಅಂತರವನ್ನು ನಕ್ಷೆಯು ತೋರಿಸುವುದಿಲ್ಲ. ನಡುವಣ ನಿಲ್ದಾಣದಲ್ಲಿ ಗಾಡಿ ಎರಡು ನಿಮಿಷ ನಿಂತು ಹೋಗುತ್ತದೆ. ಊರಿಗೆ ಬರುವವರು ಇಳಿಯುತ್ತಾರೆ, ಹೋಗುವವರು ಹತ್ತುತ್ತಾರೆ, ಅಷ್ಟೆ. ತುದಿಯ ನಿಲ್ದಾಣದಲ್ಲಾದರೋ ಎಲ್ಲರೂ ಇಳಿಯುತ್ತಾರೆ, ಎಲ್ಲ ಸರಕೂ ಇಳಿಯುತ್ತದೆ, ಎಂಜಿನ್ನು ಗಾಡಿಯಿಂದ ಕಳಚಿಕೊಂಡು ಇನ್ನೊಂದು ಕೊನೆಗೆ ಬಂದು ಸೇರಬೇಕಾಗುತ್ತದೆ, ನೀರು ತುಂಬಿಕೊಳ್ಳಬೇಕಾಗುತ್ತದೆ. ಅಷ್ಟು ಹೊತ್ತು ಹಳಿಯ ಲೋಕವೂ ಬಂಡಿಯ ಲೋಕವೂ ಎದುರುಬದುರಾಗಿ ನಿಂತಿರುತ್ತವೆ. ಹೊಸನಗರ, ನಗರ, ಆನಂದಪುರ, ರಿಪ್ಪನ್‌ಪೇಟೆಗಳ ಕಡೆಯ ಮನುಷ್ಯನಿಗೆ ಬೆಂಗಳೂರಿಗೋ ಮೈಸೂರಿಗೋ ಹೊರಡುವ ದಾರಿ ಅಲ್ಲಿಂದ ಪ್ರಾರಂಭವಾಗುತ್ತಿತ್ತು. ಕಾಗದ, ಔಷಧ, ಸೀಮೆಎಣ್ಣೆ, ಮಗ್ಗದ ಬಟ್ಟೆಗಿಂತ ಅಗ್ಗವಾದ ಗಿರಣಿಯ ಬಟ್ಟೆ ಇವೆಲ್ಲ ರೈಲಿನಿಂದ ಇಳಿದು ಬಂಡಿಯೇರುವ ಸ್ಥಳ ಅದಾಗಿತ್ತು. ರಿಪ್ಪನ್‌ಪೇಟೆಯಾದರೂ ವೈಸರಾಯ್ ರಿಪ್ಪನ್ನನ ಹೆಸರಿನಲ್ಲಿ ಹುಟ್ಟಿದ ಪೇಟೆ. ಹೊರಲೋಕದ ಹೆಸರು ಮೊದಲು ಬಂದು, ಹೊರಲೋಕದ ಗಾಡಿ ಅನೇಕ ವರ್ಷಗಳ ಮೇಲೆ ಅದರ ಹತ್ತಿರಕ್ಕೆ ಬಂತು.

ಇನ್ನು ಕಾಡಿನ ಮಾತು. ಅರಸಾಳು ಇಂದಿಗೂ ಅರಣ್ಯ ಇಲಾಖೆಯ ಒಂದು ವಲಯದ ಹೆಸರು. ಮತ್ತಿ, ಹೊನ್ನೆ, ನಂದಿ, ಬೀಟೆ, ಸಾಗುವಾನಿಗಳು ಬೆಳೆಯುವ ಈ ಪ್ರದೇಶಕ್ಕೆ ಹಳಿ ಬಂದದ್ದು ಮರಕ್ಕೂ ಒಂದು ಹೊಸ ಯುಗದ ಆರಂಭ. ಅದುವರೆಗೆ ದಿಮ್ಮಿಯನ್ನು ಎತ್ತುಗಳಿಂದ ಎಳೆಸಿ ತರಬಹುದಾದಷ್ಟು ದೂರದವರೆಗೆ ಮಾತ್ರ ಕಡಿತಕ್ಕೆ ಲಾಭವಿತ್ತು. ಹಳಿ ಸಮೀಪಕ್ಕೆ ಬಂದೊಡನೆ ಆ ಎಲ್ಲೆ ಕಾಡಿನೊಳಕ್ಕೆ ಸರಿಯಿತು. 1930ರ ದಶಕದ ಉತ್ತರಾರ್ಧದಲ್ಲಿ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಗಿ ಬಿದಿರಿಗೂ ಬೆಲೆ ಬಂತು. ಮಲೆನಾಡಿನ ಕಾಡು ಕರಗಿದ್ದಕ್ಕೆ ರೈಲೊಂದೇ ಕಾರಣವೆನ್ನುವುದು ಅನ್ಯಾಯ; ಲಾರಿ, ಜಲಾಶಯ, ಗೋಮಾಳ, ತೋಟ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಹಳೆಯ ನಿಲ್ದಾಣದ ಚೆಲುವನ್ನು ಹೊಗಳುವ ನಾವು ಅದರ ಅಂಗಳದಿಂದ ಏನು ಹೊರಟುಹೋಯಿತೆಂಬುದನ್ನು ಕೇಳದೆ ಇರಕೂಡದು.

ಅಂಥ ನಿಲ್ದಾಣದ ದಿನಚರಿಯನ್ನು ಈಗಿನ ತರುಣರು ಊಹಿಸಿಕೊಳ್ಳುವುದು ಕಷ್ಟ. ಒಂಟಿ ಹಳಿಯ ಮೇಲೆ ಎದುರುಬದುರು ಗಾಡಿಗಳು ಬರದಂತೆ ಕಾಪಾಡುತ್ತಿದ್ದುದು ಟೋಕನ್ ಪದ್ಧತಿ. ಎರಡು ನಿಲ್ದಾಣಗಳ ನಡುವೆ ತಂತಿಯಿಂದ ಕೂಡಿಸಿದ ಯಂತ್ರಗಳಿದ್ದು, ಮುಂದಿನ ನಿಲ್ದಾಣದ ಮಾಸ್ತರರು ಗಂಟೆಯ ಸಂಕೇತದಿಂದ ಲೈನ್ ಕ್ಲಿಯರ್ ಕೊಟ್ಟಾಗ ಮಾತ್ರ ಈ ಯಂತ್ರದಿಂದ ಟೋಕನ್ ಹೊರಬರುತ್ತಿತ್ತು. ಅದನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿದ ಚೀಲದೊಳಗಿಟ್ಟು ಡ್ರೈವರನ ಕೈಗೆ ಒಪ್ಪಿಸಬೇಕು. ಅದು ಕೈಯಲ್ಲಿಲ್ಲದೆ ಡ್ರೈವರನು ಗಾಡಿ ಬಿಡುವಂತಿಲ್ಲ. ಒಂದು ಟೋಕನ್ ಹೊರಗಿರುವಷ್ಟು ಹೊತ್ತು ಎರಡು ಯಂತ್ರಗಳೂ ಇನ್ನೊಂದನ್ನು ಕೊಡಲು ನಿರಾಕರಿಸುತ್ತವೆ. ಮನುಷ್ಯನ ಮರೆವನ್ನು ಮೊದಲೇ ಎಣಿಸಿ ಅದಕ್ಕೆ ಅಡ್ಡಗೋಡೆ ಕಟ್ಟಿದ ಈ ಏರ್ಪಾಡಿಗಿಂತ ವಿವೇಕಯುತವಾದ ಯಂತ್ರರಚನೆಯನ್ನು ನಾನು ಕಂಡಿಲ್ಲ. ಟಿಕೆಟ್ಟೆಂದರೆ ಹೆಬ್ಬೆರಳ ಗಾತ್ರದ ದಪ್ಪ ರಟ್ಟು. ಕಬ್ಬಿಣದ ಒತ್ತುಗದಲ್ಲಿ ಅದನ್ನು ತೂರಿಸಿದಾಗ ಟಕ್ಕೆಂದು ತಾರೀಖು ಮೂಡುತ್ತಿತ್ತು. ಗಾಡಿ ಹಿಂದಿನ ನಿಲ್ದಾಣ ಬಿಟ್ಟಿತೆಂಬುದಕ್ಕೆ ತೂಗುಹಾಕಿದ ಹಳಿಯ ತುಂಡೊಂದನ್ನು ಬಾರಿಸಿದರೆ ಊರಿಗೆಲ್ಲ ತಿಳಿಯುತ್ತಿತ್ತು. ಸ್ಟೇಷನ್ ಮಾಸ್ತರರು, ಪಾಯಿಂಟ್ಸ್‌ಮನ್, ಗ್ಯಾಂಗಿನ ಮೇಸ್ತ್ರಿ, ಹಳಿಯ ಕೀಲುಗಳನ್ನು ದಿನವೂ ನಡೆದು ನೋಡುವ ಕೀಮನ್: ಈ ನಾಲ್ಕಾರು ಜನರ ಮೇಲೆ ಎಲ್ಲವೂ ನಡೆಯುತ್ತಿತ್ತು.

ಮಲೆನಾಡಿನಲ್ಲಿ ಈ ನೌಕರಿ ಸುಖದ್ದಾಗಿರಲಿಲ್ಲ. ಮುಂಗಾರು ಹಿಡಿದರೆ ತಿಂಗಳುಗಟ್ಟಲೆ ಬಿಡದ ಮಳೆ. ದರೆ ಕುಸಿದು ಮಣ್ಣು ಹಳಿಯ ಮೇಲೆ ಬೀಳುವ ಭಯ. ಮಳೆ ನಿಂತೊಡನೆ ಮಲೇರಿಯ. ಆ ಜ್ವರವು ಮಲೆನಾಡನ್ನು ಎಷ್ಟು ಪೀಡಿಸುತ್ತಿತ್ತೆಂದರೆ, ಬಯಲುಸೀಮೆಯ ಜಿಲ್ಲೆಗಳಲ್ಲಿ ಜನಸಂಖ್ಯೆ ಏರುತ್ತಿದ್ದಾಗ ಇಲ್ಲಿಯ ತಾಲ್ಲೂಕುಗಳಲ್ಲಿ ಇಳಿಯುತ್ತಿತ್ತು, ಮತ್ತು ಸಂಸ್ಥಾನದ ಸರ್ಕಾರವು ಮಲೆನಾಡಿನ ಅಭಿವೃದ್ಧಿಗೆಂದೇ ವಿಶೇಷ ಕಾರ್ಯಕ್ರಮಗಳನ್ನು ಕೈಗೊಳ್ಳಬೇಕಾಯಿತು. ಬಯಲುಸೀಮೆಯಿಂದ ವರ್ಗವಾಗಿ ಬಂದ ನೌಕರರ ಸಂಸಾರಗಳು ಕ್ವಿನೈನನ್ನು ನೆಚ್ಚಿಕೊಂಡು ಇಂಥ ನಿಲ್ದಾಣಗಳ ಬಳಿಯ ಸಣ್ಣ ಮನೆಗಳಲ್ಲಿ ಕಳೆದ ಮಳೆಗಾಲಗಳಿಗೆ ಯಾವ ವರದಿಯಲ್ಲಿಯೂ ಸ್ಥಾನ ದೊರೆತಿಲ್ಲ.

1934ರಲ್ಲಿ ತುದಿಯು ಆನಂದಪುರಕ್ಕೆ ಸರಿಯಿತು, 1938ರಲ್ಲಿ ಸಾಗರಕ್ಕೆ, 1940ರ ಹೊತ್ತಿಗೆ ತಾಳಗುಪ್ಪಕ್ಕೆ. ಅರಸಾಳು ನಡುದಾರಿಯ ಸಾಮಾನ್ಯ ನಿಲ್ದಾಣವಾಯಿತು. ಜೋಗದಲ್ಲಿ 1939ರಲ್ಲಿ ಆರಂಭವಾದ ಜಲವಿದ್ಯುತ್ ಕಾಮಗಾರಿಗೆ ತಾಳಗುಪ್ಪವೇ ಅತಿ ಸಮೀಪದ ರೈಲುತುದಿ. ಆ ವಿದ್ಯುದಾಗಾರವು 1948ರಲ್ಲಿ ಕೆಲಸ ಪ್ರಾರಂಭಿಸಿ ಮುಂದೆ ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆದು 120 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಹಳಿಯಾದರೋ ತಾಳಗುಪ್ಪದಿಂದ ಮುಂದಕ್ಕೆ ಹೋಗಲೇ ಇಲ್ಲ. ಮೂರು ಶತಮಾನಗಳ ಹಿಂದೆ ದೆಲ್ಲಾ ವಾಲ್ಲೆಯು ಏರಿ ಬಂದಿದ್ದ ಗೇರುಸೊಪ್ಪೆಯ ಘಟ್ಟದ ನೆತ್ತಿಯ ಹತ್ತಿರಕ್ಕೆ ಬಂದು, ಕೆಳಗಿನ ಕಡಲನ್ನು ಮುಟ್ಟದೆ ನಿಂತಿತು. 1956ರಲ್ಲಿ ಕನ್ನಡ ನಾಡು ಒಂದಾಗಿ ಘಟ್ಟದ ಮೇಲಣ ರಾಜಕೀಯ ಗೆರೆ ಅಳಿಸಿಹೋದರೂ, ಆ ಗೆರೆಯ ಕಾಲದಲ್ಲಿ ನಿಶ್ಚಯವಾದ ರೈಲಿನ ಕೊನೆ ಅಲ್ಲಿಯೇ ಉಳಿದಿದೆ. ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಬೇಕೆಂಬ ಬೇಡಿಕೆ ಇಂದಿಗೂ ಬೇಡಿಕೆಯೇ.

ಈ ಹಾದಿಯು ಸರಕನ್ನಷ್ಟೇ ಅಲ್ಲ, ಕಾಲದ ವಿಚಾರಗಳನ್ನೂ ಹೊತ್ತು ತಂದಿತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು, ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದಾಗ, ಅದಕ್ಕೆ ಬೆಂಬಲವಾಗಿ ಬಂದ ರಾಮಮನೋಹರ ಲೋಹಿಯಾ ಅವರು ಬಂಧಿತರಾದದ್ದು ಸಾಗರದ ರೈಲು ನಿಲ್ದಾಣದಲ್ಲಿ. ಮಲೆನಾಡಿನ ಗೇಣಿಯ ಪ್ರಶ್ನೆ ದೇಶಕ್ಕೆಲ್ಲ ಕೇಳಿಸುವಂತಾದದ್ದರಲ್ಲಿ ಆ ಬಂಧನದ ಪಾತ್ರ ದೊಡ್ಡದು. ಅದೇ ವರ್ಷದ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನದ ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಗಿ, ಅರಸಾಳಿನ ಫಲಕದ ಹಿಂದಿನ ಒಡೆತನವೂ ಬದಲಾಯಿತು.

ಅನಂತರದ ದಶಕಗಳ ಕಥೆ ಸಣ್ಣ ಹಾದಿಗಳೆಲ್ಲದರ ಕಥೆಯೇ ಆದ್ದರಿಂದ ವಿಸ್ತರಿಸುವುದಿಲ್ಲ. ರಸ್ತೆಗಳು ಸುಧಾರಿಸಿದುವು, ಬಸ್ಸು ಮನೆಬಾಗಿಲಿಗೆ ಬಂತು, ಅಡಿಕೆಯೂ ಮರವೂ ಲಾರಿಯೇರಿದುವು. ಮೀಟರ್‌ಗೇಜಿನ ಕೊನೆಯ ವರ್ಷಗಳಲ್ಲಿ ಶಿವಮೊಗ್ಗೆ–ತಾಳಗುಪ್ಪಗಳ ನಡುವೆ ಬಸ್ಸಿನಂತಹ ಒಂಟಿ ವಾಹನವೇ ಹಳಿಯ ಮೇಲೆ ಓಡಿತು. ಅದನ್ನು ಜನ ರೈಲ್‌ಬಸ್ಸೆಂದರು. ಅದರ ಗಾಜಿನಿಂದ ಕಂಡ ಕಾಡನ್ನೂ ಗದ್ದೆಗಳನ್ನೂ ನೆನೆದು ಸಂತೋಷಪಡುವವರು ಈ ಸೀಮೆಯಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ.

ಇಷ್ಟರಲ್ಲಿ ಮಾಲ್ಗುಡಿ ಬಂದಿತ್ತು. ಆರ್. ಕೆ. ನಾರಾಯಣರು ತಮ್ಮ ಅಜ್ಜಿ ನೋಡಿಕೊಟ್ಟ ಒಂದು ಶುಭದಿನದಲ್ಲಿ ನೋಟುಬುಕ್ಕನ್ನು ಕೊಂಡು ಕಾದಂಬರಿಗೆ ತೊಡಗಿದಾಗ ಅವರ ಕಣ್ಣಿಗೆ ಮೊದಲು ಕಟ್ಟಿದ್ದು ಒಂದು ಸಣ್ಣ ರೈಲು ನಿಲ್ದಾಣ, ಅದಕ್ಕೆ ಅಂಟಿಕೊಂಡಂತೆ ಮಾಲ್ಗುಡಿ ಎಂಬ ಹೆಸರು. ಅದು 1930ನೆಯ ಇಸವಿ, ಹಳಿಯು ಅರಸಾಳಿಗೆ ಬಂದ ವರ್ಷವೇ. ಇದನ್ನು ದೈವಸಂಕಲ್ಪವೆಂದು ನಾನು ಹೇಳುವುದಿಲ್ಲ. ಆದರೆ ಮೈಸೂರು ಸಂಸ್ಥಾನದ ಮೂಲೆಮೂಲೆಗೆ ಸಣ್ಣ ನಿಲ್ದಾಣಗಳು ಬರುತ್ತಿದ್ದ ಕಾಲವೇ ಅಂಥ ಒಂದು ಕಲ್ಪನೆಗೆ ನೆಲವಾಗಿತ್ತೆಂಬುದರಲ್ಲಿ ಸಂಶಯವಿಲ್ಲ. 1980ರ ದಶಕದಲ್ಲಿ ಶಂಕರ್‌ನಾಗ್ ಅವರು ಆ ಕತೆಗಳನ್ನು ದೂರದರ್ಶನಕ್ಕೆ ತರಲು ಹೊರಟಾಗ, ಊರಿಗೆ ಆಗುಂಬೆಯನ್ನೂ ನಿಲ್ದಾಣಕ್ಕೆ ಅರಸಾಳನ್ನೂ ಆರಿಸಿಕೊಂಡರು. ಲೇಖಕರು ಕಂಡ ನಿಲ್ದಾಣವು ನಿಜದಲ್ಲಿ ಎಲ್ಲೂ ಇರಲಿಲ್ಲ. ದೇಶದ ಕೋಟ್ಯಂತರ ಜನ ಕಂಡದ್ದು ಅರಸಾಳನ್ನು. ಆ ಆಯ್ಕೆಯಲ್ಲಿ ಶಂಕರ್‌ನಾಗ್ ಅವರ ಕಣ್ಣು ಎಷ್ಟು ನಿಖರವಾಗಿತ್ತೆಂದರೆ, ಇಂದು ಆ ಎರಡನ್ನೂ ಬಿಡಿಸಿ ನೋಡುವುದು ಪ್ರಯಾಸವಾಗಿದೆ.

ದೇಶದ ಹಳಿಗಳೆಲ್ಲ ಒಂದೇ ಅಗಲಕ್ಕೆ ಬರಬೇಕೆಂಬ ನೀತಿ 1992ರಲ್ಲಿ ಜಾರಿಗೆ ಬಂತು. ಅದು ತಾಳಗುಪ್ಪದ ಹಾದಿಯನ್ನು ಮುಟ್ಟುವಷ್ಟರಲ್ಲಿ ಶತಮಾನ ಉರುಳಿತ್ತು. ಮೀಟರ್‌ಗೇಜಿನ ಓಡಾಟ ನಿಂತು, ಹಳಿ ಕಿತ್ತು, 2011ರ ಹೊತ್ತಿಗೆ ಬ್ರಾಡ್‌ಗೇಜ್ ಗಾಡಿ ತಾಳಗುಪ್ಪವನ್ನು ತಲಪಿತು. ಹಳೆಯ ಕಟ್ಟಡಕ್ಕೆ ಕೆಲಸ ತಪ್ಪಿತು. ಹೆಂಚು ಜಾರಿ, ಮರ ಲಡ್ಡಾಗಿ, ಇಂಥ ನೂರಾರು ಕಟ್ಟಡಗಳ ದಾರಿಯನ್ನೇ ಅದೂ ಹಿಡಿಯುತ್ತಿತ್ತೇನೋ. ಆದರೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗವು ಅದನ್ನು ಜೀರ್ಣೋದ್ಧಾರ ಮಾಡಲು ಮುಂದಾಗಿ, ಧಾರಾವಾಹಿಗೆ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರನ್ನೇ ಕರೆಸಿತು. 2020ರಲ್ಲಿ ಕಟ್ಟಡವು ಮಾಲ್ಗುಡಿ ವಸ್ತುಸಂಗ್ರಹಾಲಯವೆಂದು ತೆರೆಯಿತು. ಹತ್ತಿರದಲ್ಲಿಯೇ ಹಳೆಯ ಬೋಗಿಯೊಂದು ಚಹಾದಂಗಡಿಯಾಯಿತು. ಮೂವತ್ತು ವರ್ಷಗಳ ಹಿಂದೆ ಅದೇ ಕಟ್ಟಡವನ್ನು ಚಿತ್ರೀಕರಣಕ್ಕೆ ಅಣಿಗೊಳಿಸಿದ ಕೈಗಳೇ ಮತ್ತೆ ಬಂದು ಅದನ್ನು ಉಳಿಸಿದುವೆಂಬುದು ನಮ್ಮಲ್ಲಿ ಅಪರೂಪವಾದ ಭಾಗ್ಯ.

ನನ್ನ ಪ್ರಾರ್ಥನೆ ಒಂದೇ. ಕತೆಗಳ ಪಾತ್ರಗಳಿಗೆ ದೊರೆತ ಗೋಡೆಗಳ ಪಕ್ಕದಲ್ಲಿ 1930ರಿಂದ 1934ರವರೆಗಿನ ಅರಸಾಳಿಗೂ ಒಂದು ಗೋಡೆ ದೊರೆಯಲಿ. ಶಿವಮೊಗ್ಗೆಯ ಮಂಡಿಗಳ ಹಳೆಯ ಲೆಕ್ಕದ ಪುಸ್ತಕಗಳು, ಅರಣ್ಯ ವಲಯದ ದಿಮ್ಮಿಯ ದಾಖಲೆಗಳು, ತೋಟಿಗರ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರಬಹುದಾದ ರವಾನೆಯ ರಸೀತಿಗಳು, ಈ ಹಾದಿಯಲ್ಲಿ ದುಡಿದ ಗ್ಯಾಂಗ್‌ಮನ್ನರ ಮಕ್ಕಳು ಮೊಮ್ಮಕ್ಕಳ ನೆನಪುಗಳು ಇವೆಲ್ಲವನ್ನೂ ಕೂಡಿಸಿದರೆ ಆ ಗೋಡೆ ತುಂಬುತ್ತದೆ. ಕೆಲಸಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಯಾವುದಾದರೊಂದು ಕಾಲೇಜಿನ ಇತಿಹಾಸ ವಿಭಾಗವು ಮನಸ್ಸು ಮಾಡಿದರೆ ಒಂದು ಬೇಸಗೆಯಲ್ಲಿ ಪ್ರಾರಂಭಿಸಬಹುದು, ಮತ್ತು ಹಳಿಯ ಕಾಲವನ್ನು ಕಣ್ಣಾರೆ ಕಂಡ ವೃದ್ಧರು ಇನ್ನೂ ನಮ್ಮ ನಡುವೆ ಇರುವಾಗಲೇ ಪ್ರಾರಂಭಿಸಬೇಕು.